ಕತ್ತಲೆ ಕೋಣೆಯ ಬಾಡಿಗೆ

(ಆಕಾಶವಾಣಿ ಭಾಷಣ)

ನನ್ನ ಊರು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಇಂದೂರ. ಮಲೆನಾಡು ಮುಗಿಯಿತೆನ್ನುವಲ್ಲಿ ಬಯಲುಸೀಮೆ ಇನ್ನೂ ಮೊದಲಾಗದಂಥ ನೆಲ ಅದು. ಭತ್ತವೂ ಬೆಳೆಯುತ್ತದೆ, ಗೋವಿನಜೋಳವೂ ಬೆಳೆಯುತ್ತದೆ. ಜನ ವ್ಯಾಪಾರಕ್ಕೆ ಹುಬ್ಬಳ್ಳಿಗೆ ಹೋಗುತ್ತಾರೆ. ಸರಕಾರದ ಕಾಗದಪತ್ರಕ್ಕೆ ಕಾರವಾರದ ಕಡೆ ಮುಖ ಮಾಡುತ್ತಾರೆ. ಇಂಥ ಊರಿನಿಂದ ಹೊರಟ ನಾನು ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಕೆಲಸ ಕಲಿತು, 1974ರಲ್ಲಿ ಮುಂಡಗೋಡದಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ ತೆರೆದೆ. ಈಗ ಅದನ್ನು ನನ್ನ ಮಗ ನಡೆಸುತ್ತಿದ್ದಾನೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದವರನ್ನು ಮಾತನಾಡಿಸುವ ಕೆಲಸವೊಂದನ್ನು ಮಾತ್ರ ನಾನು ನನಗಾಗಿ ಉಳಿಸಿಕೊಂಡಿದ್ದೇನೆ.

ಇಂದು ನಾನು ಹೇಳಹೊರಟಿರುವುದು ಚಿತ್ರ ತಿದ್ದುವ ತಂತ್ರಾಂಶಗಳ ಬೆಲೆಯನ್ನೂ ಅವುಗಳ ಆಯುಷ್ಯವನ್ನೂ ಕುರಿತು. ವಿಷಯವನ್ನು ಕೇಳಿದೊಡನೆ, ಇದು ಅಂಗಡಿಯವರ ಲೆಕ್ಕಾಚಾರ, ನಮಗೇನು ಎಂದು ತಮಗೆ ಅನ್ನಿಸಬಹುದು. ಆದರೆ ನಮ್ಮ ನಮ್ಮ ಮನೆಯ ಗೋಡೆಗಳ ಮೇಲಿರುವ ಹಿರಿಯರ ಮುಖಗಳು ಮೊಮ್ಮಕ್ಕಳ ಕಾಲಕ್ಕೆ ಉಳಿಯುವವೋ ಇಲ್ಲವೋ ಎಂಬ ಪ್ರಶ್ನೆ ಈ ಲೆಕ್ಕಾಚಾರದೊಡನೆ ತೊಡಕಿಕೊಂಡಿದೆ. ಅದು ನನಗೆ ಅರಿವಾದದ್ದು ಕಳೆದ ಆಷಾಢದಲ್ಲಿ.

ಅಂದು ಮಧ್ಯಾಹ್ನ ಬಿಡದೆ ಮಳೆ ಸುರಿಯುತ್ತಿತ್ತು. ನಮ್ಮ ಇಂದೂರದ ಒಬ್ಬ ತಾಯಿ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ನಿಂತರು. ಅವರ ಯಜಮಾನರು ತೀರಿಕೊಂಡು ಒಂಬತ್ತು ದಿನಗಳಾಗಿದ್ದುವು.

"ಅವರದೊಂದು ಫೋಟೋ ದೊಡ್ಡದ ಮಾಡಿ ಕೊಡ್ರಿ, ಅಣ್ಣಾರ. ಮಗಳ ಮದುವ್ಯಾಗ ನಿಮ್ಮ ಹುಡುಗನ ತಗದಿದ್ದ. ರುಮಾಲ ಸುತ್ತಿ ನಕ್ಕೋಂತ ಕುಂತಿದ್ರಲ್ಲ, ಅದು. ದಿನ ಮಾಡೂದ್ರೊಳಗ ಬೇಕ್ರಿ."

ಮದುವೆಯಾದದ್ದು 2016ರಲ್ಲಿ. ಮಗ ಗಣಕಯಂತ್ರದಲ್ಲಿ ಹುಡುಕಿದ. ಕ್ಯಾಮರಾದಿಂದ ಇಳಿಸಿದ ಮೂಲ ಚಿತ್ರಗಳನ್ನು ಜಾಗ ಸಾಲದೆಂದು ಎಂದೋ ಅಳಿಸಿಬಿಟ್ಟಿದ್ದ. ಆಲ್ಬಮ್ಮಿಗಾಗಿ ಪದರಪದರವಾಗಿ ಜೋಡಿಸಿದ ಪುಟಗಳ ಕಡತ ಮಾತ್ರ ಇತ್ತು. ಅದನ್ನು ತೆರೆಯಹೋದರೆ ತೆರೆಯಲಿಲ್ಲ. ಆ ಕಡತವನ್ನು ಸಿದ್ಧಪಡಿಸಿದ ತಂತ್ರಾಂಶವನ್ನು, ಅದರ ಹೆಸರು ಇಲ್ಲಿ ಬೇಡ, ನಾವು ತಿಂಗಳ ಬಾಡಿಗೆಗೆ ತಂದಿದ್ದೆವು. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲದೆ ಸ್ಟುಡಿಯೋಕ್ಕೆ ಗಳಿಕೆಯಿಲ್ಲ. ಎರಡು ತಿಂಗಳಿನಿಂದ ಬಾಡಿಗೆ ಕಟ್ಟಿರಲಿಲ್ಲ. ಬಾಕಿ ಸಲ್ಲಿಸಿ ಮುಂದುವರಿಯಿರೆಂಬ ಸೂಚನೆ ಪರದೆಯ ಮೇಲೆ ಬಂದು ನಿಂತಿತು. ಹಣ ಕಟ್ಟೋಣವೆಂದರೆ ಅಷ್ಟರಲ್ಲಿ ಕರೆಂಟು ಹೋಯಿತು.

ಆ ತಾಯಿ ಬೆಂಚಿನ ಮೇಲೆ ಕೂತರು. ನನಗೆ ಸುಮ್ಮನೆ ಕೂಡಲಾಗಲಿಲ್ಲ. ಒಳಗಿನ ಅಟ್ಟದ ಮೇಲಿದ್ದ ತಗಡಿನ ಡಬ್ಬಿಗಳನ್ನು ಇಳಿಸಿದೆ. ಅವರ ಯಜಮಾನರು ಸಾಲದ ಅರ್ಜಿಗೆಂದು ನನ್ನಲ್ಲಿ ಒಮ್ಮೆ ಫೋಟೋ ತೆಗೆಸಿಕೊಂಡದ್ದು ನೆನಪಿತ್ತು. 1979ರ ಲಕೋಟೆಗಳ ನಡುವೆ ಆ ನೆಗೆಟಿವ್ ಸಿಕ್ಕಿತು. ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಆದರೂ ಕಿಟಕಿಯ ಬೆಳಕಿಗೆ ಹಿಡಿದೊಡನೆ, ಬಿಳಿ ಕಪ್ಪಾಗಿ ಕಪ್ಪು ಬಿಳಿಯಾಗಿ, ಇಪ್ಪತ್ತೈದರ ಆ ಯುವಕ ನನ್ನತ್ತ ನೋಡಿದ. ಕರೆಂಟು ಬೇಕಾಗಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆ ತಾಯಿ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇವರು ಅವರs ಹೌದ್ರಿ. ಆದ್ರ ಮಗಳ ಮದುವಿ ದಿನದ ಆ ನಗಿ ಇದರಾಗಿಲ್ಲ" ಎಂದರು.

ಕರೆಂಟು ಬಂದು, ನೆಟ್‌ವರ್ಕು ಹಿಡಿದು, ಮಗ ಹಣ ಕಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಕಡತ ತೆರೆಯಿತು, ರುಮಾಲು ಸುತ್ತಿದ ಮುಖ ನಗುತ್ತ ಹೊರಬಂದಿತು. ಕಟ್ಟು ಹಾಕಿದ ಚಿತ್ರಕ್ಕೆ ನಾವು ಪಡೆಯುವ ಹಣಕ್ಕಿಂತ ಅಂದು ಕಟ್ಟಿದ ಬಾಡಿಗೆಯೇ ಹೆಚ್ಚಾಗಿತ್ತು. ಅದು ದೊಡ್ಡ ಮಾತಲ್ಲ. ಆದರೆ ಅಂಗಡಿಯ ಬಾಗಿಲು ಹಾಕಿಕೊಂಡು ಮನೆಗೆ ನಡೆಯುವಾಗ ಮಗ ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಅಪ್ಪಾ, ಇವತ್ತ ರೊಕ್ಕ ಕಟ್ಟಿದ್ವಿ, ತಗೀತು. ಕಟ್ಟಿಸಿಕೊಳ್ಳಾವ್ರs ಇಲ್ಲದ ದಿವಸ ಏನ್ ಮಾಡೂದು?"

ಈ ಪ್ರಶ್ನೆ ಹುಡುಗನ ಭೀತಿಯಲ್ಲ. ನಮ್ಮ ಕಸಬಿನಲ್ಲಿ ಸರಕು ಒದಗಿಸುವವರು ಇಲ್ಲವಾಗುವುದು ಹೊಸದೇನೂ ಅಲ್ಲ. ನಾನು ಕೆಲಸ ಕಲಿಯುವಾಗ ಕಪ್ಪುಬಿಳುಪಿನ ಫಿಲ್ಮು ಮತ್ತು ಕಾಗದಕ್ಕೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದೆವು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆಗೆ ತೊಡಗಿದ ಸರಕಾರಿ ಉದ್ಯಮವದು. ಅದರ ಸರಕಿನ ಹೆಸರು 'ಇಂದು'. ಇಂದೂರದವನು ಇಂದುವನ್ನಲ್ಲದೆ ಬೇರೇನು ಕೊಂಡಾನು ಎಂದು ಹುಬ್ಬಳ್ಳಿಯ ಗೆಳೆಯರು ನನ್ನನ್ನು ಹಾಸ್ಯ ಮಾಡುತ್ತಿದ್ದರು. ಬಣ್ಣದ ಫಿಲ್ಮು ಬಂದಿತು, ಆಮೇಲೆ ಫಿಲ್ಮೇ ಬೇಡದ ಕ್ಯಾಮರಾ ಬಂದಿತು. ಊಟಿಯ ಆ ಕಾರ್ಖಾನೆ ಕ್ಷೀಣಿಸುತ್ತ ಕ್ಷೀಣಿಸುತ್ತ ನಿಂತುಹೋಯಿತು. ಜಗತ್ತಿಗೆಲ್ಲ ಫಿಲ್ಮು ಉಣಿಸಿದ ಅಮೆರಿಕದ ಕೊಡಕ್ ಸಂಸ್ಥೆಯೂ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ ಕಾರ್ಖಾನೆ ಮುಚ್ಚಿದರೂ ನೆಗೆಟಿವ್ ಮುಚ್ಚಲಿಲ್ಲ. ಅದನ್ನು ನೋಡಲು ಬೇಕಾದ ಸೂರ್ಯ ಯಾರ ಉದ್ಯಮವೂ ಆಗಿರಲಿಲ್ಲ.

ನಮ್ಮ ಕಾಲವೆಲ್ಲ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ಮಳೆಗಾಲದ ತೇವಕ್ಕೆ ಎಷ್ಟೋ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಂಡು ಹಾಳಾದುವು. ಹೈಪೋ ಸರಿಯಾಗಿ ತೊಳೆಯದ ಪ್ರಿಂಟುಗಳು ಹಳದಿಯಾದುವು. ತಿದ್ದುವ ಕೆಲಸವಂತೂ ಕಣ್ಣು ತಿನ್ನುವ ಕೆಲಸ. ಗಾಜಿನ ಹಿಂದೆ ಬೆಳಕಿಟ್ಟು, ಮೊನಚು ಮಾಡಿದ ಪೆನ್ಸಿಲಿನಿಂದ ನೆಗೆಟಿವ್‌ನ ಮೇಲೆಯೇ ಮುಖದ ಕಲೆಗಳನ್ನು ಮುಚ್ಚಬೇಕು. ಎನ್‌ಲಾರ್ಜರಿನ ಕೆಳಗೆ ಕಾಗದದ ಮೇಲೆ ಬೆಳಕು ಬೀಳುವಾಗ ಅಂಗೈ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಗೊಳಿಸಬೇಕು. ಬೆರಳ ಸಂದಿಯಿಂದ ಬೆಳಕು ಬಿಟ್ಟು ಇನ್ನೊಂದು ಭಾಗವನ್ನು ಗಾಢಗೊಳಿಸಬೇಕು. ಟಿಬೆಟನ್ ಕಾಲನಿಯಿಂದ ಕಾಗದಪತ್ರದ ಫೋಟೋಕ್ಕೆಂದು ಬರುತ್ತಿದ್ದ ವೃದ್ಧರ ಮುಖದ ಗೆರೆಗಳನ್ನು ಅಳಿಸಬೇಕೋ ಉಳಿಸಬೇಕೋ ಎಂದು ನಾನು ಎಷ್ಟೋ ಸಲ ಪೆನ್ಸಿಲು ಹಿಡಿದು ಯೋಚಿಸಿದ್ದುಂಟು.

ಈ ವಿದ್ಯೆಯೆಲ್ಲ ಗಣಕಯಂತ್ರದೊಳಗೆ ಹೋದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಆನ್ ಆರ್ಬರ್ ಎಂಬ ಊರಿನಲ್ಲಿ ಫೋಟೋ ಹವ್ಯಾಸಿಯೊಬ್ಬರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಅವರ ಮಗ ಥಾಮಸ್ ನಾಲ್ 1987ರಲ್ಲಿ ಬರೆಯತೊಡಗಿದ ಒಂದು ಪುಟ್ಟ ಕ್ರಮವಿಧಿ, ಸಿನಿಮಾದ ಚಿತ್ರಚಮತ್ಕಾರದ ಕೆಲಸದಲ್ಲಿದ್ದ ಸೋದರ ಜಾನ್ ನಾಲ್ ಅವರ ಕೈಯೂ ಸೇರಿ, 'ಫೋಟೋಶಾಪ್' ಆಯಿತು. ಅಡೋಬಿ ಕಂಪನಿ ಅದನ್ನು 1990ರಲ್ಲಿ ಪೇಟೆಗೆ ತಂದಿತು. ತಂದೆಯ ಕತ್ತಲೆ ಕೋಣೆಯ ಗುರುತು ಅದರಲ್ಲಿ ಇಂದಿಗೂ ಇದೆ: ತಿಳಿಗೊಳಿಸುವ ಸಾಧನಕ್ಕೆ ಡಾಜ್, ಗಾಢಗೊಳಿಸುವ ಸಾಧನಕ್ಕೆ ಬರ್ನ್ ಎಂಬ ಹಳೆಯ ಹೆಸರುಗಳೇ ಉಳಿದಿವೆ. ಮಗ ಅದನ್ನು ಮೊದಲ ಸಲ ತೋರಿಸಿದಾಗ, ಪರದೆಯ ಮೇಲೆ ಒಂದು ಪುಟ್ಟ ಕೈಯ ಚಿತ್ರ ಬೆರಳು ಮಡಿಚಿ ಕೂತದ್ದನ್ನು ಕಂಡು ನನ್ನ ಕೈಯೇ ಅಲ್ಲಿಗೆ ಹೋದಂತಾಯಿತು.

ಇನ್ನು ಬೆಲೆಯ ಮಾತು. ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2002ರಲ್ಲಿ ಬಂದ ಫೋಟೋಶಾಪಿನ ಏಳನೆಯ ಆವೃತ್ತಿಯನ್ನು ನಾವು ಬಹಳ ವರ್ಷ ಬಳಸಿದೆವು. ಅದಕ್ಕೆ ಬೆಲೆ ಕೊಡಲಿಲ್ಲ. ನಕಲು ಮಾಡಿದ ಸಿ.ಡಿ. ಕೈಯಿಂದ ಕೈಗೆ ಬರುತ್ತಿತ್ತು. ಅದು ಕಳವೆಂಬುದು ನಮಗೆ ತಿಳಿಯದೆ ಇರಲಿಲ್ಲ. ಆದರೆ 2012ರಲ್ಲಿ ಬಂದ ಆವೃತ್ತಿಯ ಅಮೆರಿಕದ ಬೆಲೆ 699 ಡಾಲರು. ಅಂದಿನ ವಿನಿಮಯದಲ್ಲಿ 35,000 ರೂಪಾಯಿಗೂ ಮಿಕ್ಕಿತು. ಪಾಸ್‌ಪೋರ್ಟ್ ಅಳತೆಯ ಚಿತ್ರ ಮಾರಿ ಬದುಕುವ ತಾಲೂಕಿನ ಸ್ಟುಡಿಯೋಕ್ಕೆ ಅದು ಬೆಲೆಯಾಗಿ ಕಾಣಲಿಲ್ಲ, ಆಚೆ ನಿಲ್ಲೆಂದು ಹೇಳುವ ಗೋಡೆಯಾಗಿ ಕಂಡಿತು. ಗೋಡೆ ಹಾರಿದವನು ತಪ್ಪಿತಸ್ಥನೇ ಹೌದು. ಅಷ್ಟು ಎತ್ತರದ ಗೋಡೆ ಕಟ್ಟಿದವನೂ ಒಂದು ಮಾತು ಕೇಳಬೇಕು ಎಂಬುದಷ್ಟೇ ನನ್ನ ವಿನಂತಿ.

2013ರ ಮೇ ತಿಂಗಳಿನಲ್ಲಿ ಅಡೋಬಿಯು ಹೊಸ ಆವೃತ್ತಿಗಳನ್ನು ಇನ್ನು ಮುಂದೆ ಮಾರುವುದಿಲ್ಲ, ಚಂದಾಕ್ಕೆ ಮಾತ್ರ ಕೊಡುತ್ತೇವೆಂದು ಸಾರಿತು. ಚಿತ್ರಗ್ರಾಹಕರಿಗಾಗಿ ತಿಂಗಳಿಗೆ 9.99 ಡಾಲರಿನ ಒಂದು ಯೋಜನೆಯೂ ಬಂದಿತು. ನಿಜ ಹೇಳಬೇಕೆಂದರೆ, ಇದರಿಂದ ನಮ್ಮಂಥ ಎಷ್ಟೋ ಜನ ಕಳವನ್ನು ಬಿಟ್ಟರು. ಒಮ್ಮೆಲೆ ಕೊಡಲಾಗದವನು ತಿಂಗಳು ತಿಂಗಳು ಕೊಡಬಲ್ಲ. ಆದರೆ ನಮ್ಮ ಸಂಪಾದನೆಗೆ ಮಾಘ, ಫಾಲ್ಗುಣ, ವೈಶಾಖಗಳುಂಟು, ಆಷಾಢವೂ ಉಂಟು, ಬಾಡಿಗೆಗೆ ಆಷಾಢವಿಲ್ಲ. ಬಾಡಿಗೆಯನ್ನು ಏರಿಸುವ ಅಧಿಕಾರವೂ ಮನೆಯ ಯಜಮಾನನದೇ. 2025ರ ಜನವರಿಯಿಂದ ಆ 9.99 ಡಾಲರಿನ ಯೋಜನೆ ಹೊಸಬರಿಗೆ ದೊರೆಯದಾಯಿತು.

ಬೆಲೆ ಏರುವುದು ಕಷ್ಟವೆಂಬುದನ್ನು ಯಾರಾದರೂ ಬಲ್ಲರು. ಬೆಲೆ ಇಳಿಯುವುದರಲ್ಲಿಯೂ ಕೇಡಿರಬಹುದೆಂಬುದನ್ನು ನಾನು ಕಲಿತದ್ದು ಇತ್ತೀಚೆಗೆ. ಆ್ಯಪಲ್ ಕಂಪನಿ 2005ರಲ್ಲಿ 'ಅಪರ್ಚರ್' ಎಂಬ ತಂತ್ರಾಂಶವನ್ನು 499 ಡಾಲರಿಗೆ ತಂದಿತು. ಮರುವರ್ಷವೇ ಬೆಲೆ 299ಕ್ಕೆ ಇಳಿಯಿತು, ಆಮೇಲೆ 199, 2011ರಲ್ಲಿ 80 ಡಾಲರಿಗೂ ಕಡಿಮೆ. ಅಗ್ಗವಾಯಿತೆಂದು ಕೊಂಡವರು ಸಂತೋಷಪಟ್ಟರು. 2014ರ ಜೂನಿನಲ್ಲಿ ಕಂಪನಿ ಅದರ ಬೆಳವಣಿಗೆಯನ್ನು ನಿಲ್ಲಿಸಿತು. ಮರುವರ್ಷ ಮಾರಾಟವೂ ನಿಂತಿತು. ಅದರೊಳಗೆ ವರ್ಷಗಟ್ಟಲೆ ಚಿತ್ರಗಳನ್ನು ಓರಣವಾಗಿಟ್ಟವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಮನೆ ಹುಡುಕಬೇಕಾಯಿತು.

'ನಿಕ್ ಕಲೆಕ್ಷನ್' ಎಂಬ ಇನ್ನೊಂದರ ಕಥೆ ಇದಕ್ಕಿಂತ ವಿಚಿತ್ರ. ಸುಮಾರು 500 ಡಾಲರು ಬೆಲೆಬಾಳುತ್ತಿದ್ದ ಅದರ ಕಂಪನಿಯನ್ನು 2012ರಲ್ಲಿ ಗೂಗಲ್ ಕೊಂಡಿತು. 2013ರಲ್ಲಿ ಬೆಲೆ 149ಕ್ಕೆ ಇಳಿಯಿತು. 2016ರಲ್ಲಿ ಪೂರ್ತಿ ಉಚಿತವಾಯಿತು. 2017ರಲ್ಲಿ, ಇನ್ನು ಇದನ್ನು ನವೀಕರಿಸುವುದಿಲ್ಲವೆಂಬ ಪ್ರಕಟಣೆ ಬಂದಿತು. ಅದೇ ವರ್ಷ ಫ್ರಾನ್ಸಿನ ಡಿ.ಎಕ್ಸ್.ಓ. ಕಂಪನಿ ಅದನ್ನು ಕೊಂಡು ಬದುಕಿಸಿಕೊಂಡಿತು. ಕೊಂಡ ಮರುವರ್ಷ ಆ ಕಂಪನಿಯೇ ಸಾಲದ ತೊಡಕಿಗೆ ಸಿಕ್ಕಿ ನ್ಯಾಯಾಲಯದ ರಕ್ಷಣೆಗೆ ಹೋಗಬೇಕಾಯಿತು. ಅದೃಷ್ಟವಶಾತ್ ಎರಡೂ ಉಳಿದುವು. ಉಚಿತವಾಗಿದ್ದುದಕ್ಕೆ ಮತ್ತೆ ಬೆಲೆ ಬಂದಿತು. ಮನೆಮನೆಯ ಗಣಕಯಂತ್ರದಲ್ಲಿದ್ದ ಗೂಗಲಿನ 'ಪಿಕಾಸಾ' ಮಾತ್ರ 2016ರಲ್ಲಿ ಕೈಬಿಟ್ಟುಹೋಯಿತು; ಅದಕ್ಕೆ ಬದುಕಿಸಿಕೊಳ್ಳುವವರು ಸಿಕ್ಕಲಿಲ್ಲ.

ಈಚಿನ ನಿದರ್ಶನ ಇನ್ನೊಂದು. ಬಾಡಿಗೆಯ ಗೊಡವೆಯಿಲ್ಲ, ಒಮ್ಮೆ ಕೊಂಡರೆ ಸಾಕೆಂದು ಇಂಗ್ಲೆಂಡಿನ ಸೆರಿಫ್ ಕಂಪನಿ 2015ರಲ್ಲಿ 'ಅಫಿನಿಟಿ ಫೋಟೋ' ತಂದಿತು. ಬೆಲೆ 50 ಡಾಲರಿನ ಒಳಗೆ. 2024ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಕ್ಯಾನ್ವಾ ಅದನ್ನು ಕೊಂಡಿತು. 2025ರ ಅಕ್ಟೋಬರಿನಲ್ಲಿ ಅದನ್ನು ಉಚಿತವೆಂದು ಸಾರಿತು. ಮಗ ಹಿಗ್ಗಿನಿಂದ ಓಡಿಬಂದು ಹೇಳಿದ. ನನಗೂ ಸಂತೋಷವಾಯಿತು. ಆದರೆ ನಮ್ಮ ಹಳ್ಳಿಯ ಸಂತೆಯಲ್ಲಿ ಎಮ್ಮೆಯನ್ನು ಪುಕ್ಕಟೆ ಕೊಡುತ್ತೇನೆಂದವನನ್ನು ಜನ ಎರಡು ಸಲ ನೋಡುತ್ತಾರೆ. ಕೊಡುವವನು ಕೆಟ್ಟವನೇ ಆಗಿರಬೇಕಾಗಿಲ್ಲ. ಅವನ ಲಾಭ ಬೇರೆಲ್ಲಿಯೋ ಇದ್ದೀತು. ಆ ಲಾಭ ಅಲ್ಲಿ ನಿಂತ ದಿನ ಇಲ್ಲಿಯ ದಾನವೂ ನಿಂತೀತು. ಆದುದರಿಂದ ಎಷ್ಟು ಹಣವೆಂಬ ಪ್ರಶ್ನೆಗಿಂತ, ಎಷ್ಟು ದಿನವೆಂಬ ಪ್ರಶ್ನೆ ಮುಖ್ಯವಾದುದು. ಅದಕ್ಕೆ ಉತ್ತರವನ್ನು ಯಾವ ಬೆಲೆಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಕನ್ನಡಿಗರಿಗೆ ಈ ತೊಡಕಿನಲ್ಲಿ ಇನ್ನೊಂದು ಗಂಟು ಸೇರಿಕೊಂಡಿದೆ. ಹಳೆಯ ಫೋಟೋಶಾಪಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದುವು. ಆ ಕಾರಣದಿಂದ ನಮ್ಮ ಸ್ಟುಡಿಯೋಗಳೂ ಅಚ್ಚುಕೂಟಗಳೂ ನುಡಿ, ಶ್ರೀಲಿಪಿ ಮೊದಲಾದ ಹಳೆಯ ಪದ್ಧತಿಯ ಅಕ್ಷರಗಳನ್ನು ಬಳಸಿದುವು. ಅವು ತೋರಿಕೆಗೆ ಕನ್ನಡ. ಒಳಗೆ ಇಂಗ್ಲಿಷಿನ ಸ್ಥಾನಗಳಲ್ಲಿ ಕೂತ ಆಕಾರಗಳು. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅದೇ ಪುಟವನ್ನು ತೆರೆದರೆ 'ಶುಭವಿವಾಹ' ಎಂಬಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಅಡೋಬಿಯ ಈಚಿನ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂಡುತ್ತದೆ. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಆಲ್ಬಮ್ಮುಗಳೆಲ್ಲ ಹಳೆಯ ಲಿಪಿಯಲ್ಲಿ ಸಿಕ್ಕಿಬಿದ್ದಾಗಿತ್ತು.

ಹಾಗಾದರೆ ಬೇರೆ ದಾರಿ ಇಲ್ಲವೆ? ಇದೆ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬವರು, 1995ರಲ್ಲಿ 'ಗಿಂಪ್' ಎಂಬ ತಂತ್ರಾಂಶವನ್ನು ಆರಂಭಿಸಿದರು. ಇದೂ ಉಚಿತವೇ, ಆದರೆ ಇದರ ರೀತಿ ಬೇರೆ. ಇದರ ಒಳಗಿನ ಬರಹವೆಲ್ಲ ಬಹಿರಂಗ. ಇಬ್ಬರೂ ಬಿಟ್ಟುಹೋದರೂ ಬೇರೆಯವರು ಬಂದು ಮುಂದುವರಿಸಿದರು. ಒಬ್ಬ ಧಣಿ ಬಾಗಿಲು ಹಾಕಿದರೆ ಮುಚ್ಚಿಹೋಗುವ ಬಾವಿಯಲ್ಲ ಇದು. ಊರವರು ಹೂಳೆತ್ತಿದಷ್ಟು ಕಾಲ ಬದುಕುವ ಕೆರೆ. ಕನ್ನಡದ ಒತ್ತಕ್ಷರಗಳೂ ಇದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂಡುತ್ತವೆ. ಆದರೆ ಕೆರೆಗೂ ಅದರದೇ ಕಷ್ಟಗಳುಂಟು. ಹೂಳೆತ್ತುವ ಕೈಗಳು ಕಡಿಮೆಯಾದರೆ ಕೆಲಸ ನಿಧಾನವಾಗುತ್ತದೆ. 2018ರಲ್ಲಿ ಒಂದು ದೊಡ್ಡ ಆವೃತ್ತಿ ಬಂದ ಮೇಲೆ ಮೂರನೆಯ ಆವೃತ್ತಿ ಬರಲು 2025ರ ಮಾರ್ಚಿನವರೆಗೆ ಕಾಯಬೇಕಾಯಿತು. ಮಗ ಅದನ್ನು ಕಲಿಯುತ್ತಿದ್ದಾನೆ. ಮದುವೆಯ ದಿನಗಳಲ್ಲಿ ರಾತ್ರಿಯೊಳಗೆ ಇನ್ನೂರು ಪುಟ ಜೋಡಿಸಬೇಕಾದಾಗ ಮಾತ್ರ ಕೈಗೆ ಒಗ್ಗಿದ ಹಳೆಯದಕ್ಕೇ ಹೋಗುತ್ತಾನೆ. ಅವನನ್ನು ನಾನು ಬೈಯುವುದಿಲ್ಲ. ನನ್ನ ಕೈಯೂ ಒಂದು ಕಾಲದಲ್ಲಿ ಒಂದೇ ಎನ್‌ಲಾರ್ಜರಿಗೆ ಒಗ್ಗಿತ್ತು.

ಆಷಾಢದ ಆ ಸಂಜೆಯ ನಂತರ ನಾವಿಬ್ಬರೂ ಕೂತು ಯೋಚಿಸಿದೆವು. ನನಗೆ ನೆನಪಾದದ್ದು ಕೊಡಕ್ಕಿನ 'ಕೊಡಾಕ್ರೋಮ್' ಎಂಬ ಬಣ್ಣದ ಫಿಲ್ಮು. ಅದನ್ನು ತೊಳೆಯುವ ಕ್ರಮ ಬಹಳ ವಿಶಿಷ್ಟವಾದದ್ದು, ಯಾರೆಂದರವರು ಮಾಡುವಂಥದಲ್ಲ. 2009ರಲ್ಲಿ ಅದರ ತಯಾರಿಕೆ ನಿಂತಿತು. 2010ರ ಡಿಸೆಂಬರಿನಲ್ಲಿ ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಪ್ರಯೋಗಶಾಲೆಯೂ ರೀಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಷ್ಟರೊಳಗೆ ತೊಳೆದಿಟ್ಟ ಚಿತ್ರಗಳು ಇಂದಿಗೂ ಬಣ್ಣಗೆಡದೆ ಉಳಿದಿವೆ. ತೊಳೆಯದೆ ಪೆಟ್ಟಿಗೆಯಲ್ಲಿ ಉಳಿದ ರೀಲಿನಿಂದ ಆ ಬಣ್ಣಗಳನ್ನು ಪಡೆಯುವ ದಾರಿ ಮುಚ್ಚಿಹೋಯಿತು. ಬಾಡಿಗೆಯ ತಂತ್ರಾಂಶದಲ್ಲಿ ಪದರಪದರವಾಗಿ ಇಟ್ಟ ಕಡತವೂ ತೊಳೆಯದ ರೀಲೇ ಸರಿ ಎಂದು ನಾನು ಮಗನಿಗೆ ಹೇಳಿದೆ. ಅವನಿಗೆ ಅರ್ಥವಾಯಿತು.

ಈಗ ನಮ್ಮ ಅಂಗಡಿಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಕ್ಯಾಮರಾದ ಮೂಲ ಚಿತ್ರವನ್ನು ಅಳಿಸುವುದಿಲ್ಲ. ಆಲ್ಬಮ್ಮಿನ ಪ್ರತಿಯೊಂದು ಪುಟವನ್ನೂ, ಯಾವ ಯಂತ್ರದಲ್ಲಿಯಾದರೂ ತೆರೆಯುವ ಜೆಪೆಗ್ ರೂಪದಲ್ಲಿ ಇನ್ನೊಮ್ಮೆ ಉಳಿಸುತ್ತೇವೆ. 1992ರಿಂದ ಅದು ಎಲ್ಲರಿಗೂ ಸಾಮಾನ್ಯವಾದ ಮಾನಕ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಮನೆಯಲ್ಲಿ ಇರಿಸುತ್ತೇವೆ. ಮದುವೆಯವರಿಗೆ ಆಲ್ಬಮ್ಮಿನೊಡನೆ ಅಜ್ಜ ಅಜ್ಜಿ ತಂದೆ ತಾಯಿಯರ ನಾಲ್ಕು ಒಳ್ಳೆಯ ಚಿತ್ರಗಳನ್ನು ಕಾಗದದ ಮೇಲೆ ಬಿಡಿಯಾಗಿ ಕೊಡುತ್ತೇವೆ. ಅದಕ್ಕೆ ಬೇರೆ ಹಣ ಕೇಳುವುದಿಲ್ಲ. ಹಾಗೆಂದು ಬಾಡಿಗೆಯನ್ನು ನಿಲ್ಲಿಸಿಲ್ಲ, ಕಟ್ಟುತ್ತಿದ್ದೇವೆ. ಕಲಿತವರ ದುಡಿಮೆಗೆ ಬೆಲೆ ಕೊಡಬೇಕಾದುದು ನ್ಯಾಯ. ತಿದ್ದುವ ಕೆಲಸಕ್ಕೆ ಬಾಡಿಗೆ ಕೊಡಬಹುದು, ನೆನಪನ್ನು ನೋಡುವುದಕ್ಕೆ ಬಾಡಿಗೆ ಕೊಡುವಂತಾಗಬಾರದು ಎಂಬುದು ನಾವು ಹಾಕಿಕೊಂಡ ಗೆರೆ.

ತಮ್ಮ ಮನೆಗಳಲ್ಲಿಯೂ ಗಣಕಯಂತ್ರದಲ್ಲಿಯೋ ಕೈಫೋನಿನಲ್ಲಿಯೋ ಸಾವಿರಾರು ಚಿತ್ರಗಳಿದ್ದಾವು. ಅವುಗಳಲ್ಲಿ ಯಾವುವು ಯಾರ ಬೀಗದೊಳಗಿವೆ ಎಂದು ಬಿಡುವಿನಲ್ಲಿ ಒಮ್ಮೆ ನೋಡಿಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ. ಸಾವಿರವನ್ನು ಉಳಿಸಲಾಗದಿದ್ದರೆ ಹತ್ತನ್ನು ಕಾಗದದ ಮೇಲೆ ಇಳಿಸಿದರೂ ಆದೀತು.

ಆ ತಾಯಿ ಮರುದಿನ ಬಂದು ಕಟ್ಟು ಹಾಕಿದ ಚಿತ್ರವನ್ನು ಒಯ್ದರು. ಮಳೆಗೆ ತೋಯಬಾರದೆಂದು ಗೊಬ್ಬರದ ಚೀಲವನ್ನು ಚಿತ್ರಕ್ಕೆ ಸುತ್ತಿಕೊಂಡು, ತಾವು ತೋಯಿಸಿಕೊಳ್ಳುತ್ತ ಬಸ್ಸಿನತ್ತ ಹೋದರು. 1979ರ ನೆಗೆಟಿವ್‌ನಿಂದಲೂ ನಾನೊಂದು ಚಿಕ್ಕ ಚಿತ್ರ ಮಾಡಿಸಿ ಕೊಟ್ಟಿದ್ದೆ. ಅದನ್ನು ಮಗಳಿಗೆ ಕಳಿಸುವುದಾಗಿ ಹೇಳಿದರು. ನೆಗೆಟಿವ್‌ನ ಬೂಷ್ಟನ್ನು ಒರೆಸಿ, ಹೊಸ ಲಕೋಟೆಗೆ ಹಾಕಿ, ಮೇಲೆ ಹೆಸರನ್ನೂ ಊರನ್ನೂ ಪೆನ್ಸಿಲಿನಿಂದ ಬರೆದು ಡಬ್ಬಿಯಲ್ಲಿ ಇಟ್ಟಿದ್ದೇನೆ. ನನ್ನ ನಂತರ ಹುಡುಕುವವರಿಗೆ ಸಿಕ್ಕೀತು.